೧೯೬೧ನೆಯ ದ್ವಿಚಕ್ರ ದಿಗ್ವಿಜಯವೂ ಮೈಸೂರಿನ ಜಾವಾ ಕಾರ್ಖಾನೆಯೂ

ಚಾಂಪಿಯನ್ ಎಂಬ ಆಂಗ್ಲ ಶಬ್ದವು ಕೋಲಾರ ಸೀಮೆಯವರಿಗೆ ಮೊದಲು ಪರಿಚಿತವಾದುದು ಆಟದ ಬಯಲಿನಿಂದಲ್ಲ, ಗಣಿಯಿಂದ. ಚಾಂಪಿಯನ್ ಲೋಡ್ ಎಂದು ಹೆಸರುಗೊಂಡ ಬೆಣಚುಕಲ್ಲಿನ ಸೆಲೆಯೇ ಅಲ್ಲಿನ ಚಿನ್ನದ ಗಣಿಗಳಿಗೆಲ್ಲ ಮುಖ್ಯಾಧಾರವಾಗಿದ್ದಿತು. ಅದೇ ಹೆಸರನ್ನು ಹೊತ್ತು ಚಾಂಪಿಯನ್ ರೀಫ್ಸ್ ಎಂಬ ಊರೂ, ಬಂಗಾರಪೇಟೆಯಿಂದ ಹೊರಡುವ ಶಾಖಾಮಾರ್ಗದಲ್ಲಿ ಒಂದು ರೈಲು ನಿಲ್ದಾಣವೂ ಉಂಟಾದವು. ಆ ಸೆಲೆಯ ಬೆನ್ನು ಹತ್ತಿದ ಗಣಿಯು ೩,೦೦೦ ಮೀಟರಿಗೂ ಮಿಕ್ಕು ಭೂಗರ್ಭಕ್ಕೆ ಇಳಿಯಿತು. ಈ ಗಣಿಗಳಿಗಾಗಿಯೇ ೧೯೦೨ನೆಯ ಇಸವಿ ಜೂನ್ ತಿಂಗಳಿನಲ್ಲಿ ಶಿವನಸಮುದ್ರದ ಕಾವೇರಿಯ ಬಲವು ವಿದ್ಯುತ್ತಾಗಿ ೯೨ ಮೈಲಿಗಳ ದೂರವನ್ನು ತಂತಿಯ ಮೇಲೆ ನಡೆದು ಬಂದಿತು. ಬೆಂಗಳೂರಿಗೂ ಮೈಸೂರಿಗೂ ಆ ಬೆಳಕು ದೊರೆತುದು ಆ ಬಳಿಕವೇ. ಹೀಗೆ ಮೈಸೂರು ಸೀಮೆಗೆ ಯಂತ್ರಯುಗವು ಕಾಲಿಟ್ಟ ಹೆಬ್ಬಾಗಿಲುಗಳಲ್ಲಿ ಚಾಂಪಿಯನ್ ರೀಫ್ಸ್ ಒಂದಾಯಿತೆಂದರೆ ಅತಿಶಯೋಕ್ತಿಯಾಗದು.

ಆ ಶಬ್ದಕ್ಕೆ ಲೋಕದಲ್ಲಿ ಪ್ರಚಲಿತವಾಗಿರುವ ಅರ್ಥವು ಬೇರೆ. ಸರ್ವರನ್ನೂ ಗೆದ್ದು ನಿಂತ ವೀರನಿಗೆ ಆ ಹೆಸರು. ಮೋಟಾರ್ ಸೈಕಲ್ಲಿನ ರಸ್ತೆಯ ಓಟದಲ್ಲಿ ಇಂತಹ ವೀರನು ಯಾರೆಂಬುದನ್ನು ನಿರ್ಣಯಿಸುವ ವಿಶ್ವಸ್ಪರ್ಧೆಯು ೧೯೪೯ರಿಂದ ನಡೆದುಬಂದಿದೆ. ಅದರ ಹದಿಮೂರನೆಯ ವರ್ಷವಾದ ೧೯೬೧ ಕನ್ನಡನಾಡಿನ ಚರಿತ್ರೆಗೂ ಸಂಬಂಧಪಟ್ಟ ವರ್ಷ. ಆ ವರ್ಷದ ಸ್ಪರ್ಧೆಯಲ್ಲಿ ಮಧ್ಯಮ ವರ್ಗದ ಎರಡನೆಯ ಮತ್ತು ಮೂರನೆಯ ಸ್ಥಾನಗಳನ್ನು ಜಾವಾ ಎಂಬ ವಾಹನವು ಪಡೆಯಿತು. ಅದೇ ವರ್ಷ ಮೈಸೂರು ನಗರದಲ್ಲಿ ಜಾವಾ ವಾಹನಗಳ ನಿರ್ಮಾಣವು ಆರಂಭವಾಯಿತು. ಈ ಎರಡು ಸಂಗತಿಗಳು ಒಂದೇ ವರ್ಷದಲ್ಲಿ ಸಂಭವಿಸಿದುದು ಕೇವಲ ಕಾಕತಾಳೀಯವೋ, ಅಥವಾ ಅವುಗಳೊಳಗೆ ಏನಾದರೂ ಸೂತ್ರವಿದೆಯೋ ಎಂಬುದು ವಿಚಾರಾರ್ಹವಾಗಿದೆ.

ಮೊದಲು ಸ್ಪರ್ಧೆಯ ಕ್ರಮವನ್ನು ತಿಳಿಯಬೇಕು. ಪೂರ್ವಕಾಲದ ಅಶ್ವಮೇಧದಲ್ಲಿ ಕುದುರೆಯು ಒಂದು ವರ್ಷ ದೇಶದೇಶಗಳನ್ನು ಸಂಚರಿಸಿ ಬಂದ ಮೇಲೆ ದೊರೆಯ ಸಾರ್ವಭೌಮತ್ವವು ಸಿದ್ಧವಾಗುತ್ತಿದ್ದಂತೆ, ಇಲ್ಲಿಯೂ ಒಂದೂರಿನ ಒಂದು ಜಯದಿಂದ ವಿಶ್ವವಿಜೇತನೆಂಬ ಬಿರುದು ಲಭಿಸುವುದಿಲ್ಲ. ೧೯೬೧ರಲ್ಲಿ ಏಪ್ರಿಲ್ ತಿಂಗಳಿನಲ್ಲಿ ಸ್ಪೇನಿನಿಂದ ಮೊದಲಾಗಿ, ಪಶ್ಚಿಮ ಜರ್ಮನಿ, ಫ್ರಾನ್ಸ್, ಮ್ಯಾನ್ ದ್ವೀಪ, ಹಾಲೆಂಡ್, ಬೆಲ್ಜಿಯಂ, ಪೂರ್ವ ಜರ್ಮನಿ, ಅಲ್ಸ್ಟರ್, ಇಟಲಿ, ಸ್ವೀಡನ್ ದೇಶಗಳನ್ನು ದಾಟಿ ಅಕ್ಟೋಬರಿನಲ್ಲಿ ಅರ್ಜೆಂಟೀನದಲ್ಲಿ ಮುಗಿದ ಹನ್ನೊಂದು ಸ್ಪರ್ಧೆಗಳಿದ್ದವು. ಯಂತ್ರದ ಸಿಲಿಂಡರಿನ ಅಳತೆಗೆ ಅನುಸಾರವಾಗಿ ೧೨೫, ೨೫೦, ೩೫೦, ೫೦೦ ಘನ ಸೆಂಟಿಮೀಟರುಗಳ ವರ್ಗಗಳೂ, ಪಕ್ಕದಲ್ಲಿ ತೊಟ್ಟಿಯನ್ನು ಜೋಡಿಸಿಕೊಂಡ ಮೂರು ಚಕ್ರದ ವಾಹನಗಳದೊಂದು ವರ್ಗವೂ ಇದ್ದವು. ಎಲ್ಲ ವರ್ಗಗಳೂ ಎಲ್ಲ ಊರುಗಳಲ್ಲಿ ಓಡುತ್ತಿರಲಿಲ್ಲ. ಓಟದಲ್ಲಿ ಮೊದಲು ಬಂದವನಿಗೆ ೮ ಅಂಕ, ಅನಂತರದ ಐವರಿಗೆ ಕ್ರಮವಾಗಿ ೬, ೪, ೩, ೨, ೧. ಇವುಗಳಲ್ಲಿ ಉತ್ತಮವಾದ ಕೆಲವು ಫಲಗಳನ್ನು ಮಾತ್ರ ಕೂಡಿಸಿ ವರ್ಷದ ಕೊನೆಗೆ ವಿಜೇತನನ್ನು ಗೊತ್ತುಮಾಡುತ್ತಿದ್ದರು. ಸಾಂಖ್ಯರು ಹೇಳುವ ಅಂಧಪಂಗುನ್ಯಾಯವು ಈ ಆಟಕ್ಕೆ ಚೆನ್ನಾಗಿ ಒಪ್ಪುತ್ತದೆ. ಯಂತ್ರಕ್ಕೆ ಕಾಲುಂಟು, ಕಣ್ಣಿಲ್ಲ. ಸವಾರನಿಗೆ ಕಣ್ಣುಂಟು, ಆ ವೇಗದ ಕಾಲಿಲ್ಲ. ಒಬ್ಬರನ್ನೊಬ್ಬರು ಹೊತ್ತರೆ ಮಾತ್ರ ದಾರಿ ಸಾಗುತ್ತದೆ. ಇವರಿಬ್ಬರ ಹಿಂದೆ ಜನರ ಕಣ್ಣಿಗೆ ಬೀಳದ ಮೂರನೆಯವನೊಬ್ಬನುಂಟು. ಯಂತ್ರವನ್ನು ಕಲ್ಪಿಸಿ ಕಟ್ಟಿದ ಶಿಲ್ಪಿಯೇ ಆತನು. ೧೯೬೧ರ ಕಥೆಯಲ್ಲಿ ಈ ಮೂರನೆಯವನ ಪಾತ್ರವೇ ಹಿರಿದು.

ಅದಕ್ಕೆ ನಾಲ್ಕು ವರ್ಷಗಳ ಹಿಂದೆ, ಎಂದರೆ ೧೯೫೭ರ ಕೊನೆಯಲ್ಲಿ, ಇಟಲಿಯ ಗಿಲೆರಾ, ಮೋಟೋ ಗುಟ್ಸಿ, ಮೊಂಡಿಯಾಲ್ ಎಂಬ ಹೆಸರಾಂತ ಕಾರ್ಖಾನೆಗಳು ಖರ್ಚು ತಡೆಯಲಾರದೆ ಸ್ಪರ್ಧಾರಂಗವನ್ನು ಬಿಟ್ಟು ಹೋಗಿದ್ದವು. ಉಳಿದುಕೊಂಡ ಎಂ. ವಿ. ಅಗಸ್ಟಾ ಸಂಸ್ಥೆಯು ದೊಡ್ಡ ವರ್ಗಗಳಲ್ಲಿ ಎದುರಾಳಿಯಿಲ್ಲದೆ ಮೆರೆಯುತ್ತಿದ್ದಿತು. ೧೯೬೧ರಲ್ಲಿ ಅದೂ ತಾನು ಅಧಿಕೃತವಾಗಿ ಭಾಗವಹಿಸುವುದಿಲ್ಲವೆಂದು ಸಾರಿ, ‘ಖಾಸಗಿ’ ಎಂದು ಬರೆದ ವಾಹನಗಳನ್ನು ಗ್ಯಾರಿ ಹಾಕಿಂಗ್ ಎಂಬ ತರುಣನಿಗೆ ಕೊಟ್ಟಿತು. ಆತನು ಹುಟ್ಟಿದುದು ವೇಲ್ಸಿನಲ್ಲಿ, ಬೆಳೆದುದು ಆಫ್ರಿಕದ ರೊಡೀಷಿಯದಲ್ಲಿ. ಇಂಗ್ಲೆಂಡಿನ ನಾರ್ಟನ್ ವಾಹನಗಳು ಹಳೆಯವಾಗಿದ್ದರೂ ನೆಚ್ಚಿಕೆಗೆ ಯೋಗ್ಯವಾಗಿದ್ದುದರಿಂದ ಸ್ವಂತ ಹಣದಿಂದ ಓಡಿಸುವ ಸವಾರರಿಗೆ ಅವೇ ಗತಿಯಾಗಿದ್ದವು. ಈ ಹಳಬರ ನಡುವೆ ಎರಡು ಕಡೆಗಳಿಂದ ಹೊಸಬರು ಬಂದಿದ್ದರು. ಜಪಾನಿನಿಂದ ಹೋಂಡಾ, ಸುಜುಕಿ, ಯಮಹಾ ಎಂಬ ಸಂಸ್ಥೆಗಳು ಒಂದು ಕಡೆ. ಸಮಾಜವಾದಿ ದೇಶಗಳ ಸರ್ಕಾರಿ ಕಾರ್ಖಾನೆಗಳಾದ ಪೂರ್ವ ಜರ್ಮನಿಯ ಎಂ. ಜೆಡ್. ಮತ್ತು ಚೆಕೊಸ್ಲೊವಾಕಿಯದ ಜಾವಾ ಮತ್ತೊಂದು ಕಡೆ.

ಜಾವಾ ಎಂಬ ಹೆಸರಿಗೂ ಆ ಹೆಸರಿನ ದ್ವೀಪಕ್ಕೂ ಸಂಬಂಧವಿಲ್ಲ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಚೆಕ್ ಉದ್ಯಮಿಯು ೧೯೨೯ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರ್ ಸೈಕಲ್ಲಿನ ನಿರ್ಮಾಣಾಧಿಕಾರವನ್ನು ಕೊಂಡುಕೊಂಡು, ತನ್ನ ಹೆಸರಿನ ಮೊದಲಕ್ಷರಗಳನ್ನೂ ಆ ಸಂಸ್ಥೆಯ ಹೆಸರಿನ ಮೊದಲಕ್ಷರಗಳನ್ನೂ ಸಮಾಸಗೊಳಿಸಿ ಈ ನಾಮವನ್ನು ಇಟ್ಟನು. ಪರರಿಂದ ಕಲಿತ ವಿದ್ಯೆಯೆಂಬ ಒಪ್ಪಿಗೆಯು ಹೆಸರಿನಲ್ಲಿಯೇ ಇದ್ದಿತೆನ್ನಬಹುದು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಕಾರ್ಖಾನೆಯು ರಾಷ್ಟ್ರದ ಸ್ವತ್ತಾಯಿತು. ಅದು ಪೇಟೆಗೆ ಮಾಡುತ್ತಿದ್ದ ವಾಹನಗಳು ಸರಳವಾದ ಟೂ ಸ್ಟ್ರೋಕ್ ಯಂತ್ರದವು. ಸ್ಪರ್ಧೆಗೆ ಕಟ್ಟಿದ ೩೫೦ರ ವಾಹನವಾದರೋ ಎರಡು ಸಿಲಿಂಡರುಗಳ ಫೋರ್ ಸ್ಟ್ರೋಕ್ ಯಂತ್ರವುಳ್ಳದ್ದು. ಅದನ್ನು ಓಡಿಸಿದವರು ಫ್ರಾಂಟಿಶೆಕ್ ಷ್ಟಾಸ್ಟ್ನಿ ಮತ್ತು ಗುಸ್ತಾವ್ ಹಾವೆಲ್. ಷ್ಟಾಸ್ಟ್ನಿ ಎಂಬ ಪದಕ್ಕೆ ಚೆಕ್ ಭಾಷೆಯಲ್ಲಿ ‘ಭಾಗ್ಯವಂತ’ ಎಂದರ್ಥ.

ಆ ವರ್ಷದ ಮೇ ೧೪ರಂದು ಪಶ್ಚಿಮ ಜರ್ಮನಿಯ ಹೊಕೆನ್‌ಹೈಮಿನಲ್ಲಿ ನಡೆದ ಸ್ಪರ್ಧೆಯೊಂದನ್ನು ಪರಿಶೀಲಿಸಿದರೆ ಸಾಕು, ಸ್ಥಾಲೀಪುಲಾಕ ನ್ಯಾಯದಂತೆ ವರ್ಷವೆಲ್ಲದರ ಪಾಕವೂ ತಿಳಿಯುತ್ತದೆ. ಅಂದು ೩೫೦ರ ವರ್ಗದಲ್ಲಿ ಜಾವಾ ಏರಿದ ಷ್ಟಾಸ್ಟ್ನಿ ಗೆದ್ದನು. ೨೫೦ರ ವರ್ಗದಲ್ಲಿ ಹೋಂಡಾ ಏರಿದ ಕುನಿಮಿತ್ಸು ತಕಹಾಶಿ ಗೆದ್ದನು. ವಿಶ್ವಸ್ಪರ್ಧೆಯ ಓಟವೊಂದನ್ನು ಗೆದ್ದ ಜಪಾನೀಯರಲ್ಲಿ ಆತನೇ ಮೊದಲಿಗನು. ೧೨೫ರ ವರ್ಗದಲ್ಲಿ ಎಂ. ಜೆಡ್. ಏರಿದ ಏರ್ನ್‌ಸ್ಟ್ ಡೆಗ್ನರ್ ಗೆದ್ದನು. ಒಂದೇ ಹಗಲಿನಲ್ಲಿ, ಒಂದೇ ದಾರಿಯಲ್ಲಿ ಮೂರು ಹೊಸ ಶಕ್ತಿಗಳು ಮೂರು ಜಯಗಳನ್ನು ಪಡೆದವು. ಮುಂದೆ ಈ ಮೂರರ ಹಣೆಯಬರಹವೂ ಬೇರೆ ಬೇರೆಯಾಯಿತು. ಆ ಭೇದದ ಕಾರಣವನ್ನು ತಿಳಿಯುವುದೇ ಈ ಚರಿತ್ರೆಯ ಸಾರ.

ಜಾವಾದ ಕಥೆ ಮೊದಲನೆಯದು. ೩೫೦ರ ವರ್ಗಕ್ಕೆ ಆ ವರ್ಷ ಏಳು ಓಟಗಳಿದ್ದವು. ಎರಡನೆಯದಾದ ಮ್ಯಾನ್ ದ್ವೀಪದ ಓಟವನ್ನು ನಾರ್ಟನ್ ಏರಿದ ಫಿಲ್ ರೀಡ್ ಗೆದ್ದನು. ಆ ದ್ವೀಪದ ದಾರಿಯ ಒಂದು ಸುತ್ತಿಗೆ ಸುಮಾರು ೩೮ ಮೈಲಿ; ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗುವಷ್ಟಕ್ಕಿಂತ ಸ್ವಲ್ಪವೇ ಕಡಮೆ. ಕಲ್ಲಿನ ಗೋಡೆ, ಮನೆಯ ಜಗಲಿ, ದೀಪದ ಕಂಬ, ಬೆಟ್ಟದ ಮಂಜು ಇವುಗಳ ನಡುವೆ ಊರಿನ ರಸ್ತೆಯಲ್ಲಿಯೇ ಓಟ. ಆ ಓಟದಲ್ಲಿ ಮೂರನೆಯವನಾಗಿ ಬಂದ ರಾಲ್ಫ್ ರೆನ್ಸೆನ್ ಎಂಬ ಸವಾರನು ಅದೇ ವಾರ ೫೦೦ರ ಓಟದಲ್ಲಿ ಬಿದ್ದು ಮೃತನಾದನು. ಈ ಸ್ಪರ್ಧೆಗಳ ಜಯಪಟ್ಟಿಯನ್ನು ಓದುವವರು ಅದರ ಪಕ್ಕದಲ್ಲಿಯೇ ಇಂತಹ ಇನ್ನೊಂದು ಪಟ್ಟಿಯೂ ಬೆಳೆಯುತ್ತಿದ್ದುದನ್ನು ಮರೆಯಲಾಗದು. ಹಾಲೆಂಡ್, ಪೂರ್ವ ಜರ್ಮನಿ, ಅಲ್ಸ್ಟರ್, ಇಟಲಿಗಳ ನಾಲ್ಕು ಓಟಗಳನ್ನೂ ಹಾಕಿಂಗ್ ಗೆದ್ದು ಪದವಿಯನ್ನು ಭದ್ರಪಡಿಸಿಕೊಂಡನು. ಕೊನೆಯದಾದ ಸ್ವೀಡನ್ನಿನ ಓಟವು ಮತ್ತೆ ಷ್ಟಾಸ್ಟ್ನಿಯದಾಯಿತು. ವರ್ಷಾಂತ್ಯದ ಲೆಕ್ಕದಲ್ಲಿ ಹಾಕಿಂಗ್ ಮೊದಲನೆಯವನು, ಷ್ಟಾಸ್ಟ್ನಿ ಎರಡನೆಯವನು, ಹಾವೆಲ್ ಮೂರನೆಯವನು. ೫೦೦ರ ಪದವಿಯೂ ಹಾಕಿಂಗನಿಗೇ ದೊರೆಯಿತು. ಕಬ್ಬಿಣದ ತೆರೆಯ ಆಚೆಗಿನ ಒಂದು ಸಣ್ಣ ರಾಷ್ಟ್ರದ ಕಾರ್ಖಾನೆಗೆ ಎರಡು ಮತ್ತು ಮೂರರ ಸ್ಥಾನಗಳು ಒಟ್ಟಿಗೆ ಬಂದುದು ಅಲ್ಪವಾದ ಕೀರ್ತಿಯಲ್ಲ.

ಎರಡನೆಯ ಕಥೆಯಾದ ಎಂ. ಜೆಡ್. ವೃತ್ತಾಂತವನ್ನು ತಿಳಿಯಲು ಟೂ ಸ್ಟ್ರೋಕ್ ಯಂತ್ರದ ಸ್ವರೂಪವನ್ನು ಸ್ವಲ್ಪ ಅರಿಯಬೇಕು. ಫೋರ್ ಸ್ಟ್ರೋಕ್ ಯಂತ್ರದಲ್ಲಿ ಪಿಸ್ಟನ್ನು ಎರಡು ಸಲ ಮೇಲೇರಿ ಎರಡು ಸಲ ಕೆಳಗಿಳಿಯುವಷ್ಟರಲ್ಲಿ ಒಂದಾವರ್ತಿ ಇಂಧನವು ಉರಿಯುತ್ತದೆ. ಟೂ ಸ್ಟ್ರೋಕ್ ಯಂತ್ರದಲ್ಲಿ ಒಂದು ಸಲ ಏರಿ ಇಳಿಯುವಷ್ಟರಲ್ಲಿಯೇ ಅದು ಆಗಿಹೋಗುತ್ತದೆ. ಭಾಗಗಳು ಕಡಮೆ, ರಿಪೇರಿ ಸುಲಭ, ಬೆಲೆ ಅಗ್ಗ. ದೋಷವೇನೆಂದರೆ, ಉರಿದ ಹೊಗೆಯು ಹೊರಹೋಗುವಾಗಲೇ ಹೊಸ ಇಂಧನವೂ ಒಳಬರುವುದರಿಂದ ಅದರಲ್ಲಿ ಒಂದು ಪಾಲು ಉರಿಯದೆಯೇ ಹೊಗೆಯ ಸಂಗಡ ಓಡಿಹೋಗುತ್ತದೆ. ಯಂತ್ರದ ಒಳಭಾಗಕ್ಕೆ ಬೇಕಾದ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಬೇಕಾದುದರಿಂದ ನೀಲಿ ಹೊಗೆಯೂ ಬರುತ್ತದೆ. ಈ ಕಾರಣಗಳಿಂದ ಇದನ್ನು ಬಡವರ ಯಂತ್ರವೆಂದು ಸ್ಪರ್ಧಾರಂಗದವರು ಬಹುಕಾಲ ಕಡೆಗಣಿಸಿದ್ದರು.

ಪೂರ್ವ ಜರ್ಮನಿಯ ಚೊಪಾವ್ ಎಂಬ ಊರಿನ ಎಂ. ಜೆಡ್. ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಎಂಬ ಯಂತ್ರಶಿಲ್ಪಿಯಿದ್ದನು. ಹಣವಿಲ್ಲ, ಒಳ್ಳೆಯ ಲೋಹವಿಲ್ಲ, ಇದ್ದುದು ಬುದ್ಧಿಯೊಂದೇ. ಆತನು ಹೊಗೆಯ ಕೊಳವೆಯನ್ನೇ ಉಪಾಯವನ್ನಾಗಿ ಮಾಡಿಕೊಂಡನು. ಆಳವಾದ ಬಾವಿಯಲ್ಲಿ ಕೂಗಿದ ಕೂಗು ತಳಕ್ಕೆ ತಗುಲಿ ಮರಳಿ ಕೇಳುವಂತೆ, ಯಂತ್ರದ ಸ್ಫೋಟದಿಂದ ಹೊರಟ ಒತ್ತಡದ ಅಲೆಯು ಕೊಳವೆಯ ತುದಿಗೆ ತಗುಲಿ ಹಿಂದಿರುಗುತ್ತದೆ. ಕೊಳವೆಯ ಹೊಟ್ಟೆಯನ್ನು ತಕ್ಕ ಅಳತೆಯಲ್ಲಿ ಉಬ್ಬಿಸಿ, ತುದಿಯನ್ನು ಕಿರಿದುಗೊಳಿಸಿದರೆ, ಆ ಮರುಧ್ವನಿಯು ಸರಿಯಾದ ಗಳಿಗೆಗೆ ಬಂದು, ಓಡಿಹೋಗುತ್ತಿರುವ ಹೊಸ ಇಂಧನವನ್ನು ಮತ್ತೆ ಒಳಕ್ಕೆ ನೂಕುತ್ತದೆ. ಇಂಧನವು ಒಳಬರುವ ಬಾಗಿಲಿಗೆ ತಿರುಗುವ ತಟ್ಟೆಯನ್ನು ಅಳವಡಿಸಿ ಅದರ ಕಾಲವನ್ನೂ ಹತೋಟಿಗೆ ತಂದನು. ಈ ಉಪಾಯಗಳಿಂದ ೧೨೫ ಘನ ಸೆಂಟಿಮೀಟರಿನ ಪುಟ್ಟ ಯಂತ್ರವು ೧೯೬೧ರಲ್ಲಿ ಸುಮಾರು ೨೫ ಕುದುರೆಗಳ ಶಕ್ತಿಯನ್ನು ಕೊಟ್ಟಿತು. ಬಡವರ ಯಂತ್ರವು ಸಿರಿವಂತರನ್ನು ಹಿಂದಿಕ್ಕುವ ಕಾಲವು ಸಮೀಪಿಸಿತ್ತು.

ಆ ಯಂತ್ರವನ್ನು ಏರಿ ಡೆಗ್ನರನು ಎರಡು ಜರ್ಮನಿಗಳಲ್ಲಿಯೂ ಇಟಲಿಯಲ್ಲಿಯೂ ಗೆದ್ದು ೧೨೫ರ ಪದವಿಯ ಹೊಸ್ತಿಲಿಗೆ ಬಂದಿದ್ದನು. ಅಷ್ಟರಲ್ಲಿ ಆಗಸ್ಟ್ ೧೩ರಂದು ಬರ್ಲಿನ್ ನಗರವನ್ನು ಇಬ್ಭಾಗ ಮಾಡುವ ತಡೆಯನ್ನು ಕಟ್ಟಲಾರಂಭಿಸಿದರು. ಸೆಪ್ಟೆಂಬರ್ ೧೭ರಂದು ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡಿನಲ್ಲಿ ಷ್ಟಾಸ್ಟ್ನಿಯು ತನ್ನ ಎರಡನೆಯ ಜಯವನ್ನು ಪಡೆದ ದಿನವೇ, ಡೆಗ್ನರನ ವಾಹನದ ಯಂತ್ರವು ಓಟದ ಆರಂಭದಲ್ಲಿಯೇ ಕೆಟ್ಟಿತು. ಆತನು ತನ್ನ ಪಂಗಡಕ್ಕೆ ಹಿಂದಿರುಗಲೇ ಇಲ್ಲ; ಗಡಿ ದಾಟಿ ಪಶ್ಚಿಮ ಜರ್ಮನಿಯನ್ನು ಸೇರಿದನು. ಅದಕ್ಕೆ ಹೊಂದಿಕೊಂಡೇ ಆತನ ಹೆಂಡತಿ ಮಕ್ಕಳೂ ಒಂದು ಕಾರಿನ ಹಿಂಭಾಗದಲ್ಲಿ ಅಡಗಿ ಪೂರ್ವ ಜರ್ಮನಿಯಿಂದ ಹೊರಬಿದ್ದಿದ್ದರು. ಅರ್ಜೆಂಟೀನದ ಕೊನೆಯ ಓಟದಲ್ಲಿ ಆತನು ಭಾಗವಹಿಸಲಾಗಲಿಲ್ಲ. ಹೋಂಡಾದ ಟಾಮ್ ಫಿಲಿಸ್ ಅದನ್ನು ಗೆದ್ದು ೪೪ ಅಂಕಗಳಿಂದ ವಿಜೇತನಾದನು. ಡೆಗ್ನರನಿಗೆ ಉಳಿದುದು ೪೨. ಮರುವರ್ಷ ಡೆಗ್ನರನು ಜಪಾನಿನ ಸುಜುಕಿ ಸಂಸ್ಥೆಯ ವಾಹನವನ್ನೇರಿ ಹೊಸದಾಗಿ ಸೇರಿಸಿದ ೫೦ರ ವರ್ಗದಲ್ಲಿ ವಿಶ್ವವಿಜೇತನಾದನು. ಅದುವರೆಗೆ ಈ ವಿಶ್ವಸ್ಪರ್ಧೆಯ ಪದವಿಯು ಯಾವ ಟೂ ಸ್ಟ್ರೋಕ್ ಯಂತ್ರಕ್ಕೂ ದೊರೆತಿರಲಿಲ್ಲ. ಚೊಪಾವಿನಲ್ಲಿ ಕಾಡೆನ್ ವರ್ಷಗಟ್ಟಲೆ ಕುಳಿತು ಕಂಡುಹಿಡಿದ ಮರ್ಮಗಳು ಡೆಗ್ನರನ ತಲೆಯೊಳಗೆ ಕುಳಿತು ಸಮುದ್ರ ದಾಟಿದ್ದವು. ಕಾಡೆನ್ ಅಲ್ಲಿಯೇ ಉಳಿದನು. ೧೨೫ರ ವಿಶ್ವಪದವಿಯು ಆತನ ವಾಹನಕ್ಕೆ ಮುಂದೆಂದೂ ಬರಲಿಲ್ಲ.

ಡೆಗ್ನರನ ಈ ಕಾರ್ಯವನ್ನು ಹೇಗೆ ಎಣಿಸಬೇಕು? ಗೋಡೆ ಕಟ್ಟಿ ಮನುಷ್ಯರನ್ನು ಕೂಡಿಹಾಕಿದ ರಾಜ್ಯದಿಂದ ಹೆಂಡತಿ ಮಕ್ಕಳನ್ನು ಬಿಡಿಸಿಕೊಂಡು ಹೋಗುವುದು ತಪ್ಪೆಂದು ಹೇಳಲಾಗದು. ಆದರೆ ಗುರುವಿನ ವಿದ್ಯೆಯನ್ನು ಗುರುವಿನ ಅನುಮತಿಯಿಲ್ಲದೆ ಬೆಲೆಗೆ ಕೊಟ್ಟುದು ಸರಿಯೆಂದೂ ಹೇಳಲಾಗದು. ಎರಡೂ ಒಂದೇ ಮನುಷ್ಯನಿಂದ ಆದವು. ಚರಿತ್ರೆಯಲ್ಲಿ ಇಂತಹ ಪ್ರಸಂಗಗಳಿಗೆ ತೀರ್ಪು ಹೇಳುವುದಕ್ಕಿಂತ ಅವುಗಳ ಫಲವನ್ನು ನೋಡುವುದೇ ಹೆಚ್ಚು ಉಪಯುಕ್ತ. ಫಲವೇನೆಂದರೆ, ಟೂ ಸ್ಟ್ರೋಕ್ ವಿದ್ಯೆಯು ಅದನ್ನು ಹುಟ್ಟಿಸಿದವರ ಕೈಬಿಟ್ಟು, ಅದನ್ನು ಕಲಿಯಲು ಆತುರಪಟ್ಟವರ ಕೈಸೇರಿತು.

ಕಲಿಯುವ ಈ ಆತುರವೇ ಮೂರನೆಯ ಕಥೆಯಾದ ಜಪಾನಿನವರ ಚರಿತ್ರೆ. ಹೋಂಡಾ ಸಂಸ್ಥೆಯು ಮ್ಯಾನ್ ದ್ವೀಪಕ್ಕೆ ಮೊದಲು ಬಂದುದು ೧೯೫೯ರಲ್ಲಿ. ಎರಡೇ ವರ್ಷಗಳಲ್ಲಿ, ಎಂದರೆ ೧೯೬೧ರಲ್ಲಿ, ೧೨೫ರ ಪದವಿಯನ್ನು ಫಿಲಿಸನಿಂದಲೂ ೨೫೦ರ ಪದವಿಯನ್ನು ಮೈಕ್ ಹೇಲ್‌ವುಡ್ ಎಂಬ ಆಂಗ್ಲ ತರುಣನಿಂದಲೂ ಅದು ಪಡೆಯಿತು. ಹೇಲ್‌ವುಡ್ ಆ ವರ್ಷ ಮ್ಯಾನ್ ದ್ವೀಪದಲ್ಲಿ ಒಂದೇ ವಾರದೊಳಗೆ ೧೨೫, ೨೫೦, ೫೦೦ರ ಮೂರು ಓಟಗಳನ್ನು ಗೆದ್ದು ಹೆಸರಾದನು. ಸುಜುಕಿ ೧೯೬೦ರಲ್ಲಿಯೂ ಯಮಹಾ ೧೯೬೧ರಲ್ಲಿಯೂ ಈ ಸ್ಪರ್ಧೆಗಳಿಗೆ ಬಂದವು. ಮೊದಮೊದಲು ಅವುಗಳಿಗೆ ದೊರೆತುದು ಸೋಲು ಮಾತ್ರ. ಆದರೂ ಪ್ರತಿವರ್ಷವೂ ತಿದ್ದಿದ ಯಂತ್ರದೊಡನೆ ಅವರು ಮರಳಿ ಬಂದರು. ಅವರಿಗೆ ಸ್ಪರ್ಧಾರಂಗವೆಂಬುದು ಪಾಠಶಾಲೆ. ಅಲ್ಲಿ ಅನುತ್ತೀರ್ಣರಾದರೆ ಅವಮಾನವಿಲ್ಲ, ಮರುವರ್ಷ ಅದೇ ತಪ್ಪನ್ನು ಮಾಡಿದರೆ ಮಾತ್ರ ಅವಮಾನ.

ಇನ್ನು ಮೈಸೂರಿನ ವಿಷಯ. ಮುಂಬಯಿಯಲ್ಲಿ ಐಡಿಯಲ್ ಮೋಟಾರ್ಸ್ ಎಂಬ ಅಂಗಡಿಯು ೧೯೫೦ರ ದಶಕದಲ್ಲಿ ಜಾವಾ ವಾಹನಗಳನ್ನು ಪರದೇಶದಿಂದ ತರಿಸಿ ಮಾರುತ್ತಿದ್ದಿತು. ಆಮದಿನ ಮೇಲೆ ಸರ್ಕಾರವು ನಿರ್ಬಂಧಗಳನ್ನು ಬಿಗಿಗೊಳಿಸಿದಾಗ, ವಾಹನವನ್ನು ಇಲ್ಲಿಯೇ ಕಟ್ಟಬೇಕೆಂಬ ಸಂಕಲ್ಪವು ಹುಟ್ಟಿತು. ರುಸ್ತುಂ ಇರಾನಿ, ಫರ್ರೂಕ್ ಇರಾನಿ ಎಂಬ ಪಾರಸೀಕ ಮನೆತನದ ಉದ್ಯಮಿಗಳು ಮೈಸೂರು ನಗರವನ್ನು ಆರಿಸಿಕೊಂಡು ಐಡಿಯಲ್ ಜಾವಾ ಸಂಸ್ಥೆಯನ್ನು ಸ್ಥಾಪಿಸಿದರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜ ಒಡೆಯರವರು ಕಾರ್ಖಾನೆಯನ್ನು ಉದ್ಘಾಟಿಸಿದರು. ೧೯೬೧ರಿಂದ ವಾಹನಗಳು ಹೊರಬರತೊಡಗಿದವು. ಚೆಕ್ ಕಾರ್ಖಾನೆಯು ವಿದ್ಯೆಯನ್ನು ಒಪ್ಪಂದದ ಮೂಲಕ ಮುಚ್ಚುಮರೆಯಿಲ್ಲದೆ ಕೊಟ್ಟಿತು. ಹೀಗೆ ಒಂದೇ ವರ್ಷದಲ್ಲಿ ವಿದ್ಯೆಯು ಒಂದು ಕಡೆ ಕಳವಿನ ದಾರಿಯಲ್ಲಿಯೂ ಇನ್ನೊಂದು ಕಡೆ ದಾನದ ದಾರಿಯಲ್ಲಿಯೂ ಪ್ರಯಾಣಮಾಡಿತು. ನ್ಯಾಯವಾಗಿ ನೋಡಿದರೆ ದಾನವಾಗಿ ಬಂದ ವಿದ್ಯೆಯೇ ಹೆಚ್ಚು ಬಾಳಬೇಕಾಗಿತ್ತು.

ಮೈಸೂರಿನ ಜಾವಾ ಒಂದೇ ಸಿಲಿಂಡರಿನ, ಟೂ ಸ್ಟ್ರೋಕ್ ಪದ್ಧತಿಯ, ೨೫೦ ಘನ ಸೆಂಟಿಮೀಟರಿನ ವಾಹನವಾಗಿದ್ದಿತು. ಸಿಲಿಂಡರು ಒಂದೇ ಆದರೂ ಹೊಗೆಯ ಕೊಳವೆಗಳು ಇಕ್ಕೆಲಗಳಲ್ಲಿ ಎರಡು. ಕಿಕ್ಕರ್ ಎಂದು ಜನರು ಕರೆಯುವ ಸನ್ನೆಯನ್ನು ಎಡಗಾಲಿನಿಂದ ಒದ್ದು ಯಂತ್ರವನ್ನು ಚಾಲನೆಗೆ ತಂದ ಮೇಲೆ, ಅದನ್ನೇ ಮುಂದಕ್ಕೆ ಮಡಿಸಿದರೆ ಗೇರು ಬದಲಾಯಿಸುವ ಸನ್ನೆಯಾಗುತ್ತಿದ್ದಿತು. ಹಳ್ಳಿಯ ಗಾಡಿದಾರಿಯಲ್ಲಿಯೂ ಮಲೆನಾಡಿನ ಕೆಸರಿನಲ್ಲಿಯೂ ಅದು ದಣಿಯುತ್ತಿರಲಿಲ್ಲ. ೧೯೭೩ರ ಸುಮಾರಿಗೆ ಜಾವಾ ಎಂಬ ಹೆಸರು ಹೋಗಿ, ಇರಾನಿನ ಯಜ್ದ್ ನಗರವನ್ನು ನೆನಪಿಸುವ ಯೆಜ್ಡಿ ಎಂಬ ಹೆಸರು ಬಂದಿತು. ೧೯೭೮ರಲ್ಲಿ ರೋಡ್‌ಕಿಂಗ್ ಎಂಬ ಪ್ರಭೇದವು ಹೊರಬಂದಿತು. ಮದರಾಸಿನ ಬಳಿಯ ಷೋಲಾವರದ ಹಳೆಯ ವಿಮಾನನಿಲ್ದಾಣದಲ್ಲಿ ನಡೆಯುತ್ತಿದ್ದ ಓಟಗಳಲ್ಲಿ ಮೈಸೂರಿನ ವಾಹನಗಳೂ ಓಡಿದವು. ಲೋಹವನ್ನು ಎರಕ ಹೊಯ್ಯುವುದು, ಕೊರೆಯುವುದು, ಉಜ್ಜುವುದು, ಜೋಡಿಸುವುದು ಮುಂತಾದ ಕೌಶಲಗಳಲ್ಲಿ ಮೈಸೂರಿನ ಒಂದೆರಡು ತಲೆಮಾರುಗಳು ಈ ಕಾರ್ಖಾನೆಯಲ್ಲಿ ಪಳಗಿದವು. ಇದು ಸಾಮಾನ್ಯವಾದ ಸಾಧನೆಯಲ್ಲ.

ಆದರೆ ಇಲ್ಲಿ ಒಂದು ಲೋಪವೂ ಕಾಣುತ್ತದೆ. ಷ್ಟಾಸ್ಟ್ನಿಗೆ ಜಯ ತಂದ ಫೋರ್ ಸ್ಟ್ರೋಕ್ ಯಂತ್ರದ ವಿದ್ಯೆಯು ಮೈಸೂರಿಗೆ ಬರಲಿಲ್ಲ. ಬರಬೇಕೆಂಬ ಒಪ್ಪಂದವೂ ಇರಲಿಲ್ಲ. ಕಾಡೆನ್ ಕಂಡ ಹೊಗೆಕೊಳವೆಯ ಮರ್ಮವು ಜಪಾನಿನಲ್ಲಿ ಬೆಳೆದಷ್ಟು ಇಲ್ಲಿ ಬೆಳೆಯಲಿಲ್ಲ. ೧೯೬೧ರಲ್ಲಿ ಬಂದ ಯಂತ್ರದ ಮೂಲಕಲ್ಪನೆಯೇ ಸಣ್ಣಪುಟ್ಟ ಬದಲಾವಣೆಗಳೊಡನೆ ಮೂವತ್ತು ವರ್ಷಗಳಿಗೂ ಮೀರಿ ನಡೆಯಿತು. ಇದಕ್ಕೆ ಕಾರ್ಖಾನೆಯವರನ್ನು ಮಾತ್ರ ದೂರುವುದು ಸರಿಯಲ್ಲ. ವಾಹನವನ್ನು ಕೊಳ್ಳಲು ಜನರು ಸಾಲುಗಟ್ಟಿ ಕಾಯುತ್ತಿದ್ದ ಕಾಲವದು. ಎಷ್ಟು ತಯಾರಿಸಬೇಕೆಂಬುದನ್ನು ಸರ್ಕಾರದ ಪರವಾನಗಿಯು ಗೊತ್ತುಮಾಡುತ್ತಿದ್ದಿತು. ಪರೀಕ್ಷೆಯೇ ಇಲ್ಲದ ಶಾಲೆಯಲ್ಲಿ ಬುದ್ಧಿವಂತ ವಿದ್ಯಾರ್ಥಿಯೂ ಹಳೆಯ ಪಾಠವನ್ನೇ ಒಪ್ಪಿಸುತ್ತ ಕುಳಿತುಕೊಳ್ಳುವುದು ಆಶ್ಚರ್ಯವಲ್ಲ.

ಪರೀಕ್ಷೆಯು ಕೊನೆಗೆ ಬಂದೇ ಬಂದಿತು. ಪರದೇಶದ ಸಹಯೋಗಕ್ಕೆ ಭಾರತ ಸರ್ಕಾರವು ಬಾಗಿಲು ತೆರೆದಾಗ, ೧೯೮೪ರಲ್ಲಿ ಕೋಲಾರ ಸೀಮೆಗೆ ನೆರೆಯಾದ ಹೊಸೂರಿನಿಂದ ಸುಜುಕಿಯ ವಿದ್ಯೆಯಿಂದ ಕಟ್ಟಿದ ೧೦೦ ಘನ ಸೆಂಟಿಮೀಟರಿನ ವಾಹನವೂ, ೧೯೮೫ರಲ್ಲಿ ಉತ್ತರದಿಂದ ಹೋಂಡಾ ಮತ್ತು ಯಮಹಾ ವಿದ್ಯೆಗಳಿಂದ ಕಟ್ಟಿದ ವಾಹನಗಳೂ ಪೇಟೆಗೆ ಬಂದವು. ೧೯೬೧ರ ಸ್ಪರ್ಧೆಗಳಲ್ಲಿ ಹೊಸ ವಿದ್ಯಾರ್ಥಿಗಳಾಗಿ ನಿಂತಿದ್ದ ಆ ಮೂವರೇ ಇವರು! ಹೋಂಡಾದ ಫೋರ್ ಸ್ಟ್ರೋಕ್ ವಾಹನವು ಒಂದು ಲೀಟರ್ ಪೆಟ್ರೋಲಿಗೆ ಕ್ರಮಿಸುತ್ತಿದ್ದ ದೂರವು ಮಧ್ಯಮ ಸ್ಥಿತಿಯ ಗೃಹಸ್ಥರ ಮನಸ್ಸನ್ನು ಸೆಳೆಯಿತು. ಸುಜುಕಿ, ಯಮಹಾಗಳು ಟೂ ಸ್ಟ್ರೋಕ್ ವಾಹನಗಳೇ ಆದರೂ ಹಗುರವಾಗಿ ಚುರುಕಾಗಿ ಓಡಿದವು. ಮೈಸೂರಿನ ಭಾರವಾದ ವಾಹನಕ್ಕೆ ಬೇಡಿಕೆ ಕುಗ್ಗಿತು. ೧೯೯೧ರಲ್ಲಿಯೂ ೧೯೯೬ರಲ್ಲಿಯೂ ಹೊಗೆಯ ಪ್ರಮಾಣವನ್ನು ಕುರಿತ ನಿಯಮಗಳು ಬಿಗಿಯಾದವು. ಹ್ರಾಸಕ್ಕೆ ಕಾರಣವು ಒಂದೇ ಅಲ್ಲ. ೧೯೯೬ರಲ್ಲಿ ಕಾರ್ಖಾನೆಯು ಮುಚ್ಚಿತು. ಐದು ವರ್ಷಗಳ ತರುವಾಯ, ೨೦೦೧ರ ಫೆಬ್ರವರಿ ೨೮ರಂದು, ಚಾಂಪಿಯನ್ ರೀಫ್ಸ್ ಮೊದಲಾದ ಚಿನ್ನದ ಗಣಿಗಳೂ ಮುಚ್ಚಿದವು.

ಈ ಎರಡು ಮುಚ್ಚುಗಡೆಗಳನ್ನು ಒಂದೇ ಎಂದು ಎಣಿಸುವುದು ವಿವೇಕವಲ್ಲ. ಗಣಿಯ ಸಂಪತ್ತು ತೆಗೆದಷ್ಟೂ ಕಡಮೆಯಾಗುವಂತಹದು. ಆಳವು ಹೆಚ್ಚಿ, ಚಿನ್ನದ ಪ್ರಮಾಣವು ಇಳಿದು, ಖರ್ಚು ಏರಿ, ಒಂದಲ್ಲ ಒಂದು ದಿನ ಅದು ನಿಲ್ಲಲೇಬೇಕಾಗಿತ್ತು. ಕಾರ್ಖಾನೆಯ ಸಂಪತ್ತಾದರೋ ವಿದ್ಯೆ. ಅದಕ್ಕೆ ತಳವೆಂಬುದಿಲ್ಲ, ಅಗೆಯುವುದನ್ನು ಬಿಟ್ಟರೆ ಮಾತ್ರ ಅದು ಮುಗಿಯುತ್ತದೆ. ಚಾಂಪಿಯನ್ ರೀಫ್ಸಿನವರು ಸೆಲೆಯನ್ನು ಹಿಂಬಾಲಿಸಿ ಭೂಮಿಯ ಕಾವನ್ನೂ ಬಂಡೆಯ ಸಿಡಿತವನ್ನೂ ಸಹಿಸಿ ಪಾತಾಳದವರೆಗೆ ಇಳಿದರು. ಸೆಲೆ ಬತ್ತಿದುದು ಅವರ ತಪ್ಪಲ್ಲ. ಮೈಸೂರಿನಲ್ಲಿ ಬತ್ತಿದುದು ಸೆಲೆಯಲ್ಲ, ಅದನ್ನು ಹಿಂಬಾಲಿಸುವ ಛಲ. ೧೯೬೧ರ ಆ ಎರಡು ಸಂಗತಿಗಳ ನಡುವಣ ಸೂತ್ರವು ಇಲ್ಲಿಯೇ ಕಾಣುತ್ತದೆ. ಅವು ಒಂದೇ ವರ್ಷದಲ್ಲಿ ಕೂಡಿಬಂದುದು ಕಾಕತಾಳೀಯವೇ ಇರಬಹುದು. ಆದರೆ ಆ ಕಾರ್ಖಾನೆಯ ಮುಂದಿನ ಗತಿಯ ಬೀಜವು ಹೊಕೆನ್‌ಹೈಮಿನ ಆ ಒಂದು ದಿನದಲ್ಲಿಯೇ ಇದ್ದಿತು.

ಆ ವರ್ಷದ ವೀರರ ಗತಿಯನ್ನು ಹೇಳದೆ ಕಥೆಯನ್ನು ಮುಗಿಸುವುದು ತರವಲ್ಲ. ೧೨೫ರ ವಿಜೇತನಾದ ಟಾಮ್ ಫಿಲಿಸ್ ಮರುವರ್ಷವೇ ಮ್ಯಾನ್ ದ್ವೀಪದಲ್ಲಿ ಬಿದ್ದು ಮಡಿದನು. ಮಿತ್ರನ ಮರಣದಿಂದ ಮನನೊಂದ ಹಾಕಿಂಗ್ ಎರಡು ಪದವಿಗಳ ಒಡೆಯನಾಗಿದ್ದರೂ ದ್ವಿಚಕ್ರದ ಓಟವನ್ನು ತ್ಯಜಿಸಿ ಆಫ್ರಿಕಕ್ಕೆ ಮರಳಿದನು. ಕಾರಿನ ಓಟವು ಅಷ್ಟು ಅಪಾಯಕರವಲ್ಲವೆಂದು ಅದನ್ನು ಹಿಡಿದವನು, ೧೯೬೨ರ ಡಿಸೆಂಬರಿನಲ್ಲಿ ಡರ್ಬನ್ ನಗರದ ಬಳಿ ಅಭ್ಯಾಸದ ವೇಳೆಯಲ್ಲಿಯೇ ಸತ್ತನು. ಆಗ ಆತನಿಗೆ ೨೫ ವರ್ಷ. ಡೆಗ್ನರನು ೧೯೬೩ರಲ್ಲಿ ಜಪಾನಿನ ಸುಜುಕಾದಲ್ಲಿ ಬೆಂಕಿಗೆ ಸಿಕ್ಕಿ ಬೆಂದು ಬದುಕಿದನು. ಅಲ್ಲಿನ ಓಟದ ದಾರಿಯ ತಿರುವೊಂದಕ್ಕೆ ಆತನ ಹೆಸರೇ ಉಳಿದಿದೆ. ಆತನು ೧೯೮೩ರಲ್ಲಿ ತೀರಿಕೊಂಡನು. ವಿಶ್ವಪದವಿಯು ದೊರೆಯದಿದ್ದ ಷ್ಟಾಸ್ಟ್ನಿಯು ೧೯೬೫ರಲ್ಲಿ ಅಲ್ಸ್ಟರಿನಲ್ಲಿಯೂ ೧೯೬೬ರಲ್ಲಿ ಪೂರ್ವ ಜರ್ಮನಿಯಲ್ಲಿಯೂ ಮತ್ತೆ ಗೆದ್ದು, ೨೦೦೦ದವರೆಗೆ ಬದುಕಿದನು. ಎರಡನೆಯವನಾಗಿ ಉಳಿದವನ ಪಾಲಿಗೆ ಹೆಸರಿನ ಅರ್ಥವು ಫಲಿಸಿತು.

೨೦೧೮ರಲ್ಲಿ ಬೇರೊಂದು ಸಂಸ್ಥೆಯು ಜಾವಾ ಎಂಬ ಹೆಸರಿನಿಂದ ಹೊಸ ವಾಹನಗಳನ್ನು ಹೊರತಂದಿತು. ಅವು ಫೋರ್ ಸ್ಟ್ರೋಕ್ ಯಂತ್ರಗಳು, ಮೈಸೂರಿನಲ್ಲಿ ಹುಟ್ಟಿದವಲ್ಲ. ಮೈಸೂರಿನಲ್ಲಿ ಹುಟ್ಟಿದವು ಮಾತ್ರ ಇನ್ನೂ ಪೂರ್ಣವಾಗಿ ಮೌನವಾಗಿಲ್ಲ. ಜುಲೈ ತಿಂಗಳಿನ ಎರಡನೆಯ ಭಾನುವಾರವನ್ನು ಜಾವಾ ದಿನವೆಂದು ಆಚರಿಸುವವರು ಬೆಂಗಳೂರು ಮೈಸೂರುಗಳಲ್ಲಿ ತಮ್ಮ ಹಳೆಯ ವಾಹನಗಳನ್ನು ಒರಸಿ, ಎಣ್ಣೆ ಬೆರೆಸಿದ ಪೆಟ್ರೋಲು ಹಾಕಿ, ಕಿಕ್ಕರನ್ನು ಒದ್ದು ರಸ್ತೆಗೆ ತರುತ್ತಾರೆ. ಬೇರಾವ ವಾಹನಕ್ಕೂ ಇಲ್ಲದ ಆ ಟಪಟಪ ಶಬ್ದವನ್ನು ಕೇಳಿ ದಾರಿಹೋಕರು ತಿರುಗಿ ನೋಡುತ್ತಾರೆ. ಆ ಯಂತ್ರಗಳನ್ನು ಇಂದಿಗೂ ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ಕರಲ್ಲಿ ತರಬೇತಿಯ ಪತ್ರವಿಲ್ಲದವರು ಹಲವರಿದ್ದಾರೆ. ಕೈಯಿಂದ ಕೈಗೆ ಬಂದ ವಿದ್ಯೆಯೇ ಅವರ ಬಂಡವಾಳ. ೧೯೬೧ರಲ್ಲಿ ಸ್ಪರ್ಧಾರಂಗದ ಕೀರ್ತಿಯು ಯಾರದಾದರೂ ಆಗಿರಲಿ, ಅಂದು ಮೈಸೂರಿಗೆ ಬಂದ ವಿದ್ಯೆಯಲ್ಲಿ ಅಳಿಯದೆ ಉಳಿದ ಪಾಲು ಆ ಕೈಗಳಲ್ಲಿದೆ. ಅವರ ಬಳಿ ಕುಳಿತು ಕಲಿಯುವ ಹುಡುಗರು ಇರುವವರೆಗೆ ಆ ಶಾಲೆಯು ಮುಚ್ಚಿತೆಂದು ಹೇಳಲಾಗದು.